276ನೇ ಕಿಲೋಮೀಟರ್

"ಪ್ರೈಸ್ ನಿಂತ! ಪ್ರೈಸ್ ನಿಂತ್‌ಬಿಟ್ಟ ಕಣೋ!" ಅಂತ ನಾನು ಫೋನಿನಲ್ಲಿ ಕೂಗಿದ್ದು 2020ರ ಜನವರಿ 12ರಂದು. ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು. ಸೌದಿಯಲ್ಲಿ ಆಗಿನ್ನೂ ಬೆಳಗಿನ ಹತ್ತು ಗಂಟೆ. ಮರುಭೂಮಿಯಲ್ಲಿ ಎರಡು ವಾರ ಓಡುವ ಡಕಾರ್ ರ‍್ಯಾಲಿಯ ಏಳನೇ ಸ್ಟೇಜ್, ಅಂದರೆ ಒಂದು ದಿನದ ಓಟ, ನಡೀತಿತ್ತು, ರಿಯಾದ್‌ನಿಂದ ವಾದಿ ಅಲ್ ದವಾಸಿರ್‌ಗೆ. ಹಿಂದಿನ ದಿನ ವಿರಾಮ. ಬೈಕ್ ವಿಭಾಗದಲ್ಲಿ ಅಮೆರಿಕದ ರಿಕಿ ಬ್ರಾಬೆಕ್ ಮುಂದಿದ್ದ, ಎರಡು ಸಲ ಗೆದ್ದಿದ್ದ ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಅವನನ್ನು ಹಿಡಿಯಲು ಹೊರಟಿದ್ದ. ನಾನೂ ನನ್ನ ಗೆಳೆಯನೂ ಆ ವರ್ಷ ಬ್ರಾಬೆಕ್ ಕಡೆ. ಯಾಕೆ ಅಂತ ಕೇಳಿದರೆ ಹೇಳುವುದು ಕಷ್ಟ. ಹದಿನೆಂಟು ವರ್ಷ ಒಂದೇ ಕಂಪನಿಯ ಬೈಕು ಗೆದ್ದೂ ಗೆದ್ದೂ ಬೇಜಾರಾಗಿತ್ತು, ಅಷ್ಟೆ. ಹಾಗಾಗಿ ವೇಪಾಯಿಂಟುಗಳ, ಅಂದರೆ ದಾರಿಯಲ್ಲಿ ಸವಾರರ ಸಮಯ ದಾಖಲಾಗುವ ಜಾಗಗಳ, ಪಟ್ಟಿಯಲ್ಲಿ ಪ್ರೈಸ್‌ನ ಸಾಲು ಮುಂದಕ್ಕೆ ಹೋಗದೆ ನಿಂತಾಗ ನನಗೆ ಖುಷಿಯಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಬೈಕ್ ಕೆಟ್ಟಿದೆ, ಇಲ್ಲಾ ದಾರಿ ತಪ್ಪಿದ್ದಾನೆ ಅಂದುಕೊಂಡೆವು. ಗೆಳೆಯ ಆ ಕಡೆಯಿಂದ ಲೆಕ್ಕ ಹಾಕುತ್ತಿದ್ದ: "ಇನ್ನು ಇವನ ಕಥೆ ಮುಗೀತು ಬಿಡು."

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲೂ ನಿಂತಿತ್ತು. ಪೋರ್ಚುಗಲ್‌ನ ಪಾಲೊ ಗೊನ್ಸಾಲ್ವೆಸ್, ಹೀರೋ ತಂಡ. ಅದನ್ನು ನೋಡಿ ನಾನಂದದ್ದು: "ಗೊನ್ಸಾಲ್ವೆಸ್ ಮತ್ತೆ ಇಂಜಿನ್ ಬಿಚ್ಕೊಂಡು ಕೂತಿರ್ಬೇಕು ನೋಡು." ಇಬ್ಬರೂ ನಕ್ಕೆವು. ಐದು ದಿನ ಹಿಂದೆ ಮೂರನೇ ಸ್ಟೇಜಿನಲ್ಲಿ ಅವನ ಬೈಕಿನ ಇಂಜಿನ್ ಹೋಗಿತ್ತು. ಬೇರೆ ಇಂಜಿನ್ ಬರುವವರೆಗೆ ಮರುಭೂಮಿಯಲ್ಲಿ ಗಂಟೆಗಟ್ಟಲೆ ಕಾದು, ತಾನೇ ಸ್ಪ್ಯಾನರ್ ಹಿಡಿದು ಬದಲಾಯಿಸಿ, ಹೇಗೋ ಸ್ಟೇಜ್ ಮುಗಿಸಿದ್ದ. ಗೆಲ್ಲುವ ಲೆಕ್ಕದಿಂದ ಅವತ್ತೇ ಹೊರಬಿದ್ದಿದ್ದ ಅವನ ಸಾಲನ್ನು ನಾವು ಆಮೇಲೆ ಸರಿಯಾಗಿ ನೋಡುತ್ತಲೂ ಇರಲಿಲ್ಲ.

ಆ ಎರಡು ಸಾಲುಗಳು ಒಂದೇ ಜಾಗದಲ್ಲಿ ನಿಂತಿದ್ದವು ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಇಷ್ಟು ವರ್ಷ ಕಳೆದರೂ ನನ್ನನ್ನು ಚುಚ್ಚುವುದು ಇದು. ಪಟ್ಟಿ ಓದುವುದರಲ್ಲಿ ನಾವು ಪಳಗಿದವರು ಅಂತ ಅಂದುಕೊಂಡಿದ್ದೆವು.

ನೋಡಲಾಗದ ಆಟ

ಡಕಾರ್‌ನ ಅಭಿಮಾನಿ ಎಂದರೆ ವಿಚಿತ್ರ ಪ್ರಾಣಿ. ಕ್ರಿಕೆಟ್ಟನ್ನು ನೋಡಬಹುದು, ಫುಟ್‌ಬಾಲನ್ನು ನೋಡಬಹುದು. ದಿನಕ್ಕೆ ನಾನೂರು, ಐನೂರು ಕಿಲೋಮೀಟರ್ ಸ್ಪರ್ಧೆಯ ದಾರಿ, ಅದರ ಹಿಂದೆ ಮುಂದೆ ಮತ್ತಷ್ಟು ಓಡಾಟ, ಹೀಗೆ ಎರಡು ವಾರ. ಇದನ್ನು ನೋಡುವುದು ಎಲ್ಲಿಂದ? ಸಂಜೆ ಹೆಲಿಕಾಪ್ಟರಿನಿಂದ ತೆಗೆದ ಅರ್ಧ ಗಂಟೆಯ ವಿಡಿಯೊ ಬರುತ್ತದೆ, ಅದರಲ್ಲಿ ಮುಂದಿನ ಐದಾರು ಜನ ಮಾತ್ರ. ಉಳಿದಂತೆ ನಮಗಿರುವುದು ಹೆಸರುಗಳ ಪಟ್ಟಿ, ಎದುರಿಗೆ ಗಂಟೆ ನಿಮಿಷ ಸೆಕೆಂಡು. ನಾವು ಆ ಅಂಕಿಗಳನ್ನೇ ನೋಡಿಕೊಂಡು ಮರಳುದಿಬ್ಬ ಕಲ್ಪಿಸಿಕೊಳ್ಳುತ್ತೇವೆ. ಒಬ್ಬನ ಸಮಯ ಎರಡು ವೇಪಾಯಿಂಟುಗಳ ನಡುವೆ ಆರು ನಿಮಿಷ ಹಿಗ್ಗಿದರೆ 'ಕಣಿವೆ ತಪ್ಪಿದ' ಅನ್ನುತ್ತೇವೆ, ಹನ್ನೆರಡು ಹಿಗ್ಗಿದರೆ 'ಬಿದ್ದ' ಅನ್ನುತ್ತೇವೆ. ಜಾತಕ ನೋಡುವವರಿಗೂ ನಮಗೂ ಹೆಚ್ಚು ವ್ಯತ್ಯಾಸವಿಲ್ಲ.

ನಾವು ಮೂವರು. ನಾನು, ನೋಟ್‌ಬುಕ್ ಗೆಳೆಯ, ಮತ್ತು ನಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಮೇಷ್ಟ್ರು. ಗೆಳೆಯನಿಗೆ ಆ ಹೆಸರು ಬಂದಿದ್ದು ಅವನು ಪ್ರತಿ ಜನವರಿಗೂ ಒಂದು ನೂರು ಪುಟದ ಗೀಟಿನ ನೋಟ್‌ಬುಕ್ ತೆಗೆದಿಟ್ಟುಕೊಂಡು ಕೈಯಾರೆ ಸಮಯ ಬರೆಯುವುದರಿಂದ. ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ ಅಂದರೆ "ಬರೆದ್ರೆ ಮಾತ್ರ ತಲೆಗೆ ಹೋಗತ್ತೆ" ಅನ್ನುತ್ತಾನೆ. ಒಂದು ಪುಟಕ್ಕೆ ಒಂದು ಸ್ಟೇಜ್. ರಾತ್ರಿ ಮಲಗುವ ಮುಂಚೆ ನಾಳೆಯ ಪುಟಕ್ಕೆ ಗೀಟು ಹಾಕಿ, ಹೊರಡುವ ಕ್ರಮದಲ್ಲಿ ಹೆಸರು ಬರೆದಿಟ್ಟೇ ಮಲಗುವುದು.

ರ‍್ಯಾಲಿ ದಕ್ಷಿಣ ಅಮೆರಿಕದಲ್ಲಿದ್ದ ಹನ್ನೊಂದು ವರ್ಷ ನಮಗೆ ಜನವರಿಯೆಂದರೆ ನಿದ್ದೆಗೇಡು. ಅರ್ಜೆಂಟಿನಾ ನಮಗಿಂತ ಎಂಟೂವರೆ ಗಂಟೆ ಹಿಂದೆ, ಪೆರು ಇನ್ನೂ ಹಿಂದೆ. ಅಲ್ಲಿ ಬಿಸಿಲೇರುವಾಗ ಇಲ್ಲಿ ರಾತ್ರಿ. 2020ರಲ್ಲಿ ಸೌದಿಗೆ ಬಂದಾಗ ಅಂತರ ಎರಡೂವರೆ ಗಂಟೆಗೆ ಇಳಿಯಿತು. ರ‍್ಯಾಲಿ ನಮ್ಮ ಹಗಲಿಗೆ, ನಮ್ಮ ಭಾನುವಾರದ ಊಟದ ಹೊತ್ತಿಗೆ ಬಂತು. ಅದೊಂದು ಅನುಕೂಲ ಅಂತ ಆಗ ಸಂಭ್ರಮಪಟ್ಟಿದ್ದೆವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಾವು ಈ ಸವಾರರನ್ನೆಲ್ಲ ಏಕವಚನದಲ್ಲೇ ಕರೆಯುತ್ತೇವೆ. ಕ್ರಿಕೆಟಿಗರನ್ನು 'ಅವನು ಔಟಾದ' ಅನ್ನುವ ಹಾಗೆ. ಅದು ಅಗೌರವವಲ್ಲ, ಸಲಿಗೆ. ಮನೆಯ ಹುಡುಗರನ್ನು ಮಾತಾಡಿಸುವ ಸಲಿಗೆ. ಮೇಷ್ಟ್ರು ಮಾತ್ರ ಎಲ್ಲರಿಗೂ ಬಹುವಚನ. ಅವರ ಬಾಯಲ್ಲಿ ಪೀಟರ್‌ಹ್ಯಾನ್ಸೆಲ್ ಕೂಡ 'ಬಂದ್ರು, ಗೆದ್ರು'.

ಟಿಫನ್ ಡಬ್ಬಿಯ ರೋಡ್‌ಬುಕ್

ಒಂದು ಸಲ, ಇವರು ಮಾಡುವುದು ನಿಜಕ್ಕೂ ಏನು ಅಂತ ನೋಡಲೇಬೇಕು ಅನ್ನಿಸಿ, ನಾವೇ ಒಂದು ರೋಡ್‌ಬುಕ್, ಅಂದರೆ ಸವಾರರಿಗೆ ದಾರಿ ಬರೆದುಕೊಡುವ ಕಾಗದ, ಮಾಡಿದೆವು. ಇದು ಗೊತ್ತಿಲ್ಲದವರಿಗೆ ಡಕಾರ್ ಅಂದರೆ ಬರೀ ವೇಗ. ಸವಾರನ ಬಳಿ ನಮ್ಮ ಫೋನಿನ ಹಾಗೆ ದಾರಿ ತೋರಿಸುವ ನಕ್ಷೆ ಇರುವುದಿಲ್ಲ. ಬಹಳ ವರ್ಷ ಇದ್ದದ್ದು ಹ್ಯಾಂಡಲಿನ ಮೇಲೆ ಕೂರಿಸಿದ ಪೆಟ್ಟಿಗೆಯಲ್ಲಿ ಸುತ್ತಿಟ್ಟ ಉದ್ದನೆಯ ಕಾಗದ. ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಕಾಗದ ಮೇಲಕ್ಕೋ ಕೆಳಕ್ಕೋ ಸುರುಳಿಯಾಗುತ್ತದೆ. (ಈಗ ಅದೇ ಕಾಗದ ಪರದೆಯ ಮೇಲೆ ಬಂದಿದೆ. ಮೇಷ್ಟ್ರಿಗೆ ಅದರ ಬಗ್ಗೆಯೂ ತಕರಾರಿದೆ.) ಪ್ರತಿ ಸಾಲಿನಲ್ಲಿ ಮೂರು ಮನೆ. ಎಡಕ್ಕೆ ದೂರ, ಕಿಲೋಮೀಟರಿನ ನೂರನೇ ಒಂದು ಭಾಗದವರೆಗೆ. ನಡುವೆ ಪುಟ್ಟ ಚಿತ್ರ: ನೀನು ಬರುವ ದಾರಿ ಒಂದು ಚುಕ್ಕಿಯಿಂದ ಶುರುವಾಗಿ ಬಾಣದಲ್ಲಿ ಮುಗಿಯುತ್ತದೆ. ಬಲಕ್ಕೆ ಟಿಪ್ಪಣಿ: ಯಾವ ದಿಕ್ಕು ಎಷ್ಟು ಡಿಗ್ರಿ, ಹೊಂಡವೋ ಕಲ್ಲೋ ಒಣ ಹಳ್ಳವೋ, ಎಲ್ಲಕ್ಕೂ ಫ್ರೆಂಚ್ ಭಾಷೆಯ ಸಂಕ್ಷೇಪ. ಅಪಾಯವಿದ್ದರೆ ಆಶ್ಚರ್ಯಸೂಚಕ. ಒಂದಿದ್ದರೆ ಹುಷಾರು, ಎರಡಿದ್ದರೆ ವೇಗ ಇಳಿಸು, ಮೂರಿದ್ದರೆ ಪ್ರಾಣ ಇಟ್ಟುಕೊಂಡು ಹೋಗು.

ಪ್ಲಾಸ್ಟಿಕ್ ಟಿಫನ್ ಡಬ್ಬಿಯ ಮುಚ್ಚಳ ಕತ್ತರಿಸಿ, ಎರಡು ಪೆನ್ಸಿಲ್ ತೂರಿಸಿ, ಕಾಗದ ಸುತ್ತಿ, ನನ್ನ ಬೈಕಿನ ಟ್ಯಾಂಕಿಗೆ ಟೇಪಿನಿಂದ ಅಂಟಿಸಿದ್ದು ಗೆಳೆಯ. ಹದಿನಾಲ್ಕು ಕಿಲೋಮೀಟರಿಗೆ ಇಪ್ಪತ್ತೆರಡು ಸಾಲು, ಎಲ್ಲ ಮಣ್ಣುದಾರಿ. ಹಿಂದಿನ ದಿನ ಅವನೊಬ್ಬನೇ ಹೋಗಿ ಬರೆದುಕೊಂಡು ಬಂದಿದ್ದ. ನಾನು ಬೆಳಗ್ಗೆ ಆರಕ್ಕೆ ಹೊರಟೆ. ಮೊದಲ ಎರಡು ತಿರುವು ಸಿಕ್ಕವು. ಮೂರನೆಯದಕ್ಕೆ 3.40 ಅಂತಿತ್ತು. ನನ್ನ ಮೀಟರಿನಲ್ಲಿ ನೂರು ಮೀಟರಿನ ಲೆಕ್ಕವೇ ಇದ್ದದ್ದು, ಹಾಗಾಗಿ ಕಣ್ಣು ಮೀಟರಿಗೆ, ಅಲ್ಲಿಂದ ಕಾಗದಕ್ಕೆ, ಅಲ್ಲಿಂದ ದಾರಿಗೆ. ಪೆನ್ಸಿಲ್ ತಿರುಗಿಸಲು ಕ್ಲಚ್ಚಿನ ಕೈ ಬಿಡಬೇಕು. ಆ ಹೊತ್ತಿಗೆ ಒಂದು ಎಮ್ಮೆ ಅಡ್ಡ ಬಂತು. ಎಮ್ಮೆ ತಪ್ಪಿಸಿ ಮುಂದೆ ಹೋದಾಗ ಎಡಕ್ಕೆ ಒಂದು ದಾರಿ, ಐವತ್ತು ಮೀಟರ್ ದಾಟಿ ಇನ್ನೊಂದು ದಾರಿ. ಚಿತ್ರದಲ್ಲಿ ಒಂದೇ ಇತ್ತು. ಮೊದಲನೆಯದು ಹಿಡಿದೆ. ಅದು ಯಾರದೋ ಗದ್ದೆಯ ಬದುವಿನಲ್ಲಿ ಮುಗಿಯಿತು. ನನ್ನ ವೇಗ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿರಲಿಲ್ಲ.

ಆ ಗದ್ದೆಯ ಬದುವಿನಲ್ಲಿ ಬೈಕ್ ನಿಲ್ಲಿಸಿ ನಗುತ್ತಾ ನಿಂತಿದ್ದಾಗಲೇ ನನಗೆ ಮೊದಲ ಸಲ ಸಂಕೋಚವಾಗಿದ್ದು. 'ಕಣಿವೆ ತಪ್ಪಿದ' ಅಂತ ನಾವು ನೋಟ್‌ಬುಕ್ಕಿನಲ್ಲಿ ಒಂದು ಪದದಲ್ಲಿ ಬರೆದು ಮುಂದೆ ಹೋಗುತ್ತಿದ್ದೆವಲ್ಲ, ಆ ಪದದೊಳಗೆ ಏನಿರುತ್ತದೆ ಅಂತ ಸ್ವಲ್ಪ ಗೊತ್ತಾಯಿತು. ಅವರು ಇದನ್ನು ಗಂಟೆಗೆ ನೂರು, ನೂರಿಪ್ಪತ್ತರಲ್ಲಿ, ನಿಂತುಕೊಂಡು, ಮುಂದಿನವನ ಧೂಳಿನಲ್ಲಿ ಮಾಡುತ್ತಾರೆ. ಕಾರಿನವರಿಗೆ ಪಕ್ಕದಲ್ಲಿ ಓದಿ ಹೇಳುವವರಿರುತ್ತಾರೆ. ಬೈಕಿನವನಿಗೆ ಅವನೇ.

ಡಕಾರಿಗೆ ಹೋಗದ ಡಕಾರ್

ಮೇಷ್ಟ್ರ ಹಳೆಯ ಜಗಳ ಇದು. "ದೇಶ ದಾಟದೇ ಇರೋದು ರ‍್ಯಾಲಿ ಅಲ್ಲಪ್ಪ, ಸರ್ಕೀಟು." ಅವರ ಲೆಕ್ಕದಲ್ಲಿ ನಿಜವಾದ ಡಕಾರ್ ಮುಗಿದದ್ದು 2007ರಲ್ಲಿ, ಲಿಸ್ಬನ್ನಿನಿಂದ ಹೊರಟವರು ಕೊನೆಯ ಸಲ ಸೆನೆಗಲ್‌ನ ರಾಜಧಾನಿ ಡಕಾರ್ ಮುಟ್ಟಿದಾಗ. ಮರುವರ್ಷ ಹೊರಡುವ ಹಿಂದಿನ ದಿನ ರ‍್ಯಾಲಿಯೇ ರದ್ದಾಯಿತು. ಕ್ರಿಸ್‌ಮಸ್ಸಿನ ಹಿಂದಿನ ದಿನ ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗರ ಕೊಲೆಯಾಗಿತ್ತು, ಸ್ಪರ್ಧಿಗಳಿಗೂ ಬೆದರಿಕೆಯಿತ್ತು. ಗಾಡಿಗಳು ಲಿಸ್ಬನ್ನಿನಲ್ಲಿ ಸಾಲಾಗಿ ನಿಂತಲ್ಲೇ ನಿಂತವು. 2009ಕ್ಕೆ ಅರ್ಜೆಂಟಿನಾ, ಚಿಲಿ. ಆಮೇಲೆ ಪೆರು, ಬೊಲಿವಿಯಾ, ಪರಾಗ್ವೆ ಸೇರಿಕೊಂಡವು. 2019ರಲ್ಲಿ ಉಳಿದವರೆಲ್ಲ ಕೈಬಿಟ್ಟು ಪೆರು ಒಂದೇ ಉಳಿಯಿತು. ಮರುವರ್ಷ ಸೌದಿ.

ಶುರುವಾದದ್ದೇ ದಾರಿ ತಪ್ಪಿದವನಿಂದ. 1977ರಲ್ಲಿ ಅಬಿಜಾನ್‌ನಿಂದ ನೀಸ್‌ಗೆ ನಡೆದ ರ‍್ಯಾಲಿಯಲ್ಲಿ ತಿಯೆರಿ ಸಬೀನ್ ಎಂಬ ಫ್ರೆಂಚ್ ಸವಾರ ಲಿಬಿಯಾದ ಮರುಭೂಮಿಯಲ್ಲಿ ಕಳೆದುಹೋದ. ಬದುಕಿ ಬಂದವನು ಇನ್ನು ಆ ಕಡೆ ತಲೆ ಹಾಕಿ ಮಲಗಲ್ಲ ಅನ್ನಬೇಕಿತ್ತು. ಅವನು ಬೇರೆಯವರನ್ನೂ ಕರೆದುಕೊಂಡು ಹೋಗುವ ಯೋಚನೆ ಮಾಡಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ 182 ಗಾಡಿಗಳು ಹೊರಟವು. ಅಲ್ಜೀರಿಯಾ, ನೈಜರ್, ಮಾಲಿ, ಆಗ ಅಪ್ಪರ್ ವೋಲ್ಟಾ ಎಂದಿದ್ದ ದೇಶ, ಸೆನೆಗಲ್. ಡಕಾರ್ ತಲುಪಿದ್ದು 74. ಬೈಕು, ಕಾರು ಎಲ್ಲ ಒಂದೇ ಪಟ್ಟಿಯಲ್ಲಿದ್ದವು, ಮೊದಲು ಬಂದವನು ಸಿರಿಲ್ ನೆವ್ಯೂ, ಯಮಹಾ 500 ಸಿಸಿ ಬೈಕಿನಲ್ಲಿ. ಸಬೀನ್ ತಾನೇ ಹುಟ್ಟುಹಾಕಿದ ರ‍್ಯಾಲಿಯಲ್ಲಿ, 1986ರ ಜನವರಿ 14ರಂದು ಮಾಲಿಯಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತ.

ಮೇಷ್ಟ್ರಿಗೆ ಈ ದೇಶಗಳ ಹೆಸರನ್ನು ಒಂದರ ಹಿಂದೊಂದು ಹೇಳುವುದೇ ಒಂದು ಸುಖ. ಗಡಿ ದಾಟುವಾಗಲೇ ಕಥೆ ಹುಟ್ಟುತ್ತದೆ ಅನ್ನುವುದು ಅವರ ವಾದ, ಅದಕ್ಕೆ ಅವರ ಬಳಿ ಸಾಕ್ಷಿಯೂ ಇದೆ. 1988ರಲ್ಲಿ ಮಾಲಿಯ ರಾಜಧಾನಿ ಬಮಾಕೋದಲ್ಲಿ, ಮುಂದಿದ್ದ ಅರಿ ವಟಾನೆನ್‌ನ ಪ್ಯೂಜೊ ಕಾರನ್ನೇ ಕದ್ದುಬಿಟ್ಟರು. ಸಿಕ್ಕಿತು, ಆದರೆ ಹೊರಡುವ ಸಮಯ ಮೀರಿತ್ತು. ಅವನು ಹೊರಗೆ, ಅದೇ ತಂಡದ ಯುಹಾ ಕಂಕುನೆನ್ ಗೆದ್ದ. 2000ದಲ್ಲಿ ಡಕಾರಿನಿಂದ ಕೈರೋಗೆ ಹೋಗುವ ದಾರಿಯಲ್ಲಿ ನೈಜರ್‌ನಲ್ಲಿ ದಾಳಿಯ ಬೆದರಿಕೆ ಬಂದಾಗ, ಇಡೀ ರ‍್ಯಾಲಿಯನ್ನು, ಲಾರಿ ಸಮೇತ, ದೈತ್ಯ ಆಂಟನೊವ್ ವಿಮಾನಗಳಲ್ಲಿ ತುಂಬಿಸಿ ಲಿಬಿಯಾದಲ್ಲಿ ಇಳಿಸಿದರು. "ಒಂದೇ ದೇಶದೊಳಗೆ ಸುತ್ತೋ ರ‍್ಯಾಲಿಗೆ ಇಂಥದ್ದು ಆಗತ್ತೇನಪ್ಪ?" ಅಂತ ಕೇಳುತ್ತಾರೆ.

ನಾನು ಬಹಳ ಕಾಲ ಅವರ ಪಕ್ಷದಲ್ಲೇ ಇದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ನಮಗೆ ಕಥೆಯಾಗಿ ಸಿಕ್ಕ ದೇಶಗಳು ಅಲ್ಲಿಯವರಿಗೆ ಊರು. ಜನವರಿಯ ಒಂದು ದಿನ ಧೂಳೆಬ್ಬಿಸಿಕೊಂಡು ನೂರಾರು ಗಾಡಿಗಳು ಊರ ನಡುವೆ ಹಾದುಹೋಗುತ್ತವೆ, ದಾರಿ ಬದಿ ನಿಂತ ಹಳ್ಳಿಯವರು, ಮಕ್ಕಳು ಗಾಡಿಗೆ ಸಿಕ್ಕು ಸತ್ತದ್ದಿದೆ. ಸತ್ತ ಸವಾರರ ಹೆಸರುಗಳು ಮೇಷ್ಟ್ರಿಗೆ ವರ್ಷದ ಸಮೇತ ಬಾಯಿಪಾಠ. ಆ ಮಕ್ಕಳ ಹೆಸರು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಮಾತನ್ನು ಒಮ್ಮೆ ಅವರೆದುರು ಆಡಿದೆ. ಅವರು ಕನ್ನಡಕ ಒರೆಸಿಕೊಂಡು, "ಅದೂ ಸರಿಯೇ" ಅಂದರು. ಮರುವಾರ ಮತ್ತೆ ಆಂಟನೊವ್ ಕಥೆ ಶುರುಮಾಡಿದರು.

ಬೊಲಿವಿಯಾದ ವಿಷಯದಲ್ಲಿ ಮಾತ್ರ ನಾವು ಮೂವರೂ ಒಂದು. ಉಯುನಿಯ ಉಪ್ಪಿನ ಬಯಲು. 2015ರಲ್ಲಿ ಮಳೆ ಬಿದ್ದು ಆ ಬಯಲಿನ ಮೇಲೆ ಉಪ್ಪುನೀರು ನಿಂತಿತ್ತು, ಬೈಕಿನವರನ್ನು ಅದರ ಮೇಲೇ ಬಿಟ್ಟರು. ಉಪ್ಪುನೀರು ಹೋಗಬಾರದ ಕಡೆಯೆಲ್ಲ ಹೋಯಿತು. ಮುಂದಿದ್ದ ಸ್ಪೇನಿನ ಜೊಆನ್ ಬರೇಡಾನ ಹೋಂಡಾದ ವೈರಿಂಗ್ ಕೈಕೊಟ್ಟಿತು. ತಂಡದ ಇನ್ನೊಬ್ಬ ಹಗ್ಗ ಕಟ್ಟಿ ಎಳೆದುಕೊಂಡು ಬಂದ, ಗೆಲ್ಲಬೇಕಿದ್ದ ರ‍್ಯಾಲಿ ಅಲ್ಲೇ ಕರಗಿತು. ಆ ವರ್ಷ ಅದೇ ಉಪ್ಪುನೀರು ದಾಟಿದವರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಕೂಡ ಒಬ್ಬ.

36

ಯಾರು ದೊಡ್ಡವರು ಅನ್ನುವ ಚರ್ಚೆ ಬಂದರೆ ಗಂಟೆಗಳು ಹೋಗುತ್ತವೆ. ಬೈಕಿನಲ್ಲಿ ಆರು, ಕಾರಿನಲ್ಲಿ ಎಂಟು, ಒಟ್ಟು ಹದಿನಾಲ್ಕು ಸಲ ಗೆದ್ದ ಸ್ಟೆಫಾನ್ ಪೀಟರ್‌ಹ್ಯಾನ್ಸೆಲ್ ಇರುವಾಗ ಚರ್ಚೆಯೇ ಬೇಡ ಅನ್ನುತ್ತಾನೆ ಗೆಳೆಯ. ಅಂಕಿ ನೋಡಿದರೆ ಅದು ಸರಿ. ಕಾರ್ಲೋಸ್ ಸೈನ್ಜ್ ನಾಲ್ಕು ಬೇರೆ ಬೇರೆ ಕಂಪನಿಯ ಕಾರಿನಲ್ಲಿ ನಾಲ್ಕು ಸಲ ಗೆದ್ದ, ಕೊನೆಯದು 2024ರಲ್ಲಿ, 61ನೇ ವಯಸ್ಸಿನಲ್ಲಿ. ಅದನ್ನು ಎಲ್ಲಿಡುತ್ತೀಯ ಅಂತ ನಾನು. 2001ರಲ್ಲಿ ಯೂಟಾ ಕ್ಲೈನ್‌ಷ್ಮಿಟ್ ಗೆದ್ದರು, ಒಟ್ಟು ಕಾರು ವಿಭಾಗ ಗೆದ್ದ ಮೊದಲ ಹೆಂಗಸು, ಅದನ್ನು ಮರೆತೇಬಿಟ್ಟಿರಲ್ಲ ಅಂತ ಮೇಷ್ಟ್ರು. 1989ರಲ್ಲಿ ಪ್ಯೂಜೊದ ಇಬ್ಬರು, ವಟಾನೆನ್ ಮತ್ತು ಜಾಕಿ ಇಕ್ಸ್, ಒಬ್ಬರನ್ನೊಬ್ಬರು ಹಿಂದಿಕ್ಕಲು ಹೋಗಿ ಕಾರು ಪುಡಿಮಾಡಿಕೊಳ್ಳುತ್ತಾರೆಂದು ತಂಡದ ಮುಖ್ಯಸ್ಥ ಜಾನ್ ಟಾಡ್ ನಾಣ್ಯ ಚಿಮ್ಮಿದ್ದು, ನಾಣ್ಯ ವಟಾನೆನ್ ಕಡೆ ಬಿದ್ದದ್ದು, ಅವನೇ ಗೆದ್ದದ್ದು ಕೇಳಿದ ಮೇಲೆ ನನಗಂತೂ ಗೆಲುವಿನ ಲೆಕ್ಕದಲ್ಲಿ ನಂಬಿಕೆ ಸ್ವಲ್ಪ ಕಡಿಮೆ.

ನನಗೆ ಮನಸ್ಸಿನಲ್ಲಿ ಉಳಿಯುವುದು ಉಬೇರ್ ಓರಿಯೋಲ್‌ನ 1987. ಮುಂದಿದ್ದ. ರ‍್ಯಾಲಿ ಮುಗಿಯಲು ಒಂದೇ ದಿನ ಉಳಿದಿತ್ತು. ಬಿದ್ದು ಎರಡೂ ಹರಡು ಮುರಿದುಕೊಂಡ. ಮತ್ತೆ ಬೈಕ್ ಹತ್ತಿ, ಹೇಗೆ ಅಂತ ದೇವರಿಗೇ ಗೊತ್ತು, ಆ ದಿನದ ಸ್ಟೇಜ್ ಮುಗಿಸಿಯೇ ಬಂದ. ಕೊನೆಯಲ್ಲಿ ಅವನನ್ನು ಬೈಕಿನಿಂದ ಇಳಿಸಬೇಕಾಯಿತು. ಅಳುತ್ತಿದ್ದ. ಗೆದ್ದವನು ನೆವ್ಯೂ. ಓರಿಯೋಲ್ ಅದಕ್ಕೂ ಮುಂಚೆ ಬೈಕಿನಲ್ಲಿ ಎರಡು ಸಲ ಗೆದ್ದಿದ್ದ, ಆಮೇಲೆ 1992ರಲ್ಲಿ ಪ್ಯಾರಿಸ್ಸಿನಿಂದ ಕೇಪ್‌ಟೌನಿಗೆ ಹೋದಾಗ ಕಾರಿನಲ್ಲೂ ಗೆದ್ದ. ಆದರೆ ಅವನ ಮಾತು ಬಂದಾಗ ಗೆದ್ದ ವರ್ಷಗಳನ್ನು ಯಾರೂ ಎತ್ತುವುದಿಲ್ಲ.

ನಮ್ಮ ಪಟ್ಟಿ ಓದುವ ಚಟ ನಿಜವಾಗಿ ಹತ್ತಿದ್ದು 2015ರ ಜನವರಿ 17ರ ರಾತ್ರಿ. ಬ್ಯೂನಸ್ ಐರಿಸ್‌ನಲ್ಲಿ ಮುಗಿಯುವ ದಿನ. ಮುಂದೆ ಮಾರ್ಕ್ ಕೋಮಾ ಗೆದ್ದಿದ್ದು, ಗೊನ್ಸಾಲ್ವೆಸ್ ಎರಡನೆಯವನಾಗಿ ಬಂದಿದ್ದು ಎಲ್ಲ ಆಗಿ ಹೋಗಿತ್ತು. ನಾವು ಅದನ್ನು ದಾಟಿ ಪಟ್ಟಿಯ ಕೆಳಗೆ, ಕೆಳಗೆ ಇಳಿಯುತ್ತಿದ್ದೆವು. ನಿಧಾನದ ಇಂಟರ್ನೆಟ್ಟು. ಪುಟ ಅರ್ಧ ಬಂದು ನಿಲ್ಲುವುದು, ಮತ್ತೆ ಮೊದಲಿಂದ ತೆರೆಯುವುದು. ಗೆಳೆಯ ಪೆನ್ನಿನ ತುದಿಯನ್ನು ಪರದೆಗೆ ತಾಗಿಸಿಕೊಂಡು ಎಣಿಸುತ್ತಿದ್ದ: ಮೂವತ್ತೊಂದು, ಮೂವತ್ತೆರಡು. ಮೂವತ್ತಾರಕ್ಕೆ ಪೆನ್ನು ನಿಂತಿತು. ಸಂತೋಷ್. ಡಕಾರ್ ಮುಗಿಸಿದ ಮೊದಲ ಭಾರತೀಯ. ಕೂಗಬೇಕು ಅನ್ನಿಸಿತು, ಮನೆಯಲ್ಲಿ ಎಲ್ಲರೂ ಮಲಗಿದ್ದರು. ಗೆಳೆಯ ನೋಟ್‌ಬುಕ್ಕಿನಲ್ಲಿ 36 ಅಂತ ಬರೆದು ಅದರ ಸುತ್ತ ಸೊನ್ನೆ ಸುತ್ತಿದ, ಕಾಗದ ಹರಿಯುವ ಹಾಗೆ.

ಮರುದಿನ ಈ ಸುದ್ದಿ ಹೇಳಿದರೆ ಹೆಚ್ಚಿನವರು ಕೇಳಿದ್ದು, "ಮೂವತ್ತಾರನೆಯದಾ?" ಅಂತ. ಅವರಿಗೆ ಹೇಗೆ ಹೇಳುವುದು. ಹೊರಟ ಬೈಕುಗಳಲ್ಲಿ ಅರ್ಧದಷ್ಟು ಕೊನೆ ಮುಟ್ಟುವುದಿಲ್ಲ ಅಂತ ಹೇಳಿದರೂ ಆ ಪ್ರಶ್ನೆಯ ದನಿ ಬದಲಾಗಲಿಲ್ಲ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದಾಗ ಸುದ್ದಿ ಒಂದು ದಿನ ಬದುಕಿತ್ತು. ಎರಡು ವರ್ಷ ಕಳೆದು ಅದೇ ಮನುಷ್ಯ ಟಿವಿಯ ರಿಯಾಲಿಟಿ ಶೋ ಮನೆಯೊಳಗೆ ಹೋದ ಮೇಲೆ ಕರ್ನಾಟಕದ ಮನೆಮನೆಗೂ ಗೊತ್ತಾದ. ನಮ್ಮ ಚಿಕ್ಕಮ್ಮ ನನ್ನನ್ನೇ ಕೇಳಿದರು: "ಆ ಹುಡುಗ ಬೈಕೂ ಓಡಿಸ್ತಾನಂತೆ, ಹೌದೇನೋ?" ಬೇಜಾರು ಮಾಡಿಕೊಳ್ಳುವ ವಿಷಯವಲ್ಲ. ಕಾಣುವುದನ್ನು ಜನ ನೋಡುತ್ತಾರೆ. ಹರಿತ್ ನೋವಾ 2024ರಲ್ಲಿ ಒಟ್ಟಾರೆ ಹನ್ನೊಂದನೆಯವನಾಗಿ, ಮೊದಲ ದರ್ಜೆಯ ಕೆಳಗಿನ ರ‍್ಯಾಲಿ 2 ವಿಭಾಗವನ್ನೇ ಗೆದ್ದಾಗಲೂ ಕಂಡದ್ದು ಪಟ್ಟಿ ನೋಡುವವರಿಗೆ ಮಾತ್ರ.

ವಾಪಸ್ ಕೊಡುವ ಸಮಯ

ರ‍್ಯಾಲಿಯ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದೊಂದಿದೆ. ಬಿದ್ದವನ ಸಹಾಯಕ್ಕೆ ನಿಂತರೆ, ನಿಂತಷ್ಟು ಹೊತ್ತನ್ನು ಅಧಿಕಾರಿಗಳು ಆಮೇಲೆ ಲೆಕ್ಕ ಹಾಕಿ ವಾಪಸ್ ಕೊಡುತ್ತಾರೆ. ಬೈಕಿನ ಮೇಲಿರುವ ಉಪಕರಣ ಅದು ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ನಿಂತಿತ್ತು ಅಂತ ಹೇಳುತ್ತದೆ. ಸಂಜೆ ಪಟ್ಟಿ ಬದಲಾಗುತ್ತದೆ. ಮಧ್ಯಾಹ್ನ ಹಿಂದೆ ಬಿದ್ದವನು ರಾತ್ರಿ ಮುಂದೆ ಬರುತ್ತಾನೆ. ಗೆಳೆಯನ ನೋಟ್‌ಬುಕ್ಕಿನಲ್ಲಿ ಅಂಥ ತಿದ್ದುಪಡಿಗಳಿಗೆ ಕೆಂಪು ಪೆನ್ನು.

2016ರಲ್ಲಿ ಒಂದು ಕೆಂಪು ಗುರುತು ಗೊನ್ಸಾಲ್ವೆಸ್‌ನದ್ದು. ಏಳನೇ ಸ್ಟೇಜ್, ಉಯುನಿಯಿಂದ ಸಾಲ್ಟಾಗೆ. ಇಡೀ ರ‍್ಯಾಲಿಯ ಮುಂಚೂಣಿಯಲ್ಲಿದ್ದ ಅವನು, ಎದುರಾಳಿ ತಂಡದ ಮಥಿಯಾಸ್ ವಾಲ್ಕ್ನರ್ ತೊಡೆಯ ಮೂಳೆ ಮುರಿದುಕೊಂಡು ಬಿದ್ದದ್ದನ್ನು ಕಂಡು ಬೈಕ್ ನಿಲ್ಲಿಸಿದ. ಸಹಾಯ ಬರುವವರೆಗೆ ಪಕ್ಕದಲ್ಲಿದ್ದ. ಕಳೆದ ನಿಮಿಷಗಳನ್ನು ವಾಪಸ್ ಕೊಟ್ಟರು. ನಿಂತಾಗ ವಾಪಸ್ ಸಿಗುತ್ತದೆ ಅಂತ ಗೊತ್ತಿರುತ್ತದಲ್ಲ, ಅದರಲ್ಲೇನು ಹೆಚ್ಚುಗಾರಿಕೆ ಅಂತ ಕೇಳುವವರಿದ್ದಾರೆ. ನಿಮಿಷ ವಾಪಸ್ ಸಿಗುತ್ತದೆ. ಓಟದ ಲಯ, ದೇಹದ ಬಿಸಿ, ತಲೆಯೊಳಗಿನ ಏಕಾಗ್ರತೆ ಸಿಗುವುದಿಲ್ಲ. ಒಬ್ಬನ ಮುರಿದ ಕಾಲು ನೋಡಿ ಮತ್ತೆ ಅದೇ ವೇಗಕ್ಕೆ ಹೋಗುವುದು ಯಾವ ಗಡಿಯಾರಕ್ಕೂ ಸಿಗದ ಲೆಕ್ಕ. ವಾಲ್ಕ್ನರ್ ವಾಸಿಯಾಗಿ ಬಂದು 2018ರಲ್ಲಿ ಡಕಾರ್ ಗೆದ್ದ. ಗೊನ್ಸಾಲ್ವೆಸ್ ಯಾವತ್ತೂ ಗೆಲ್ಲಲಿಲ್ಲ.

ಆ ಭಾನುವಾರ ನಾನು ಊಟ ಮಾಡಿ, ಸ್ವಲ್ಪ ನಿದ್ದೆಯನ್ನೂ ಮಾಡಿದ್ದೆ. ಎದ್ದಾಗ ಗೆಳೆಯನ ನಾಲ್ಕು ಮಿಸ್ಡ್ ಕಾಲ್. ತಿರುಗಿ ಮಾಡಿದೆ. "ಗೊನ್ಸಾಲ್ವೆಸ್ ಹೋಗ್ಬಿಟ್ರಂತೆ" ಅಂದ.

ಹೋಗ್ಬಿಟ್ರಂತೆ. ಐದಾರು ವರ್ಷ ಅವನು, ಬಿದ್ದ, ಎದ್ದ, ಕೂತ ಅಂತ ಆಡುತ್ತಿದ್ದವನ ಬಾಯಲ್ಲಿ ಮೊದಲ ಸಲ ಬಹುವಚನ. ಅವನಿಗೇ ಗೊತ್ತಾಗಲಿಲ್ಲ ಅಂತ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಸತ್ತವರು ಒಂದೇ ಕ್ಷಣದಲ್ಲಿ ಹಿರಿಯರಾಗಿಬಿಡುತ್ತಾರೆ. ವಿವರ ಆಮೇಲೆ ತಿಳಿಯಿತು: 276ನೇ ಕಿಲೋಮೀಟರಿನಲ್ಲಿ ಬಿದ್ದದ್ದು, 10 ಗಂಟೆ 8 ನಿಮಿಷಕ್ಕೆ ಸಂದೇಶ ಹೋದದ್ದು, ಎಂಟು ನಿಮಿಷದಲ್ಲಿ ಹೆಲಿಕಾಪ್ಟರ್ ಬಂದದ್ದು, ಆಗಲೇ ಹೃದಯ ನಿಂತಿದ್ದದ್ದು. ವಯಸ್ಸು 40, ಅದು ಹದಿಮೂರನೇ ಡಕಾರ್. ಮೊದಲು ಅಲ್ಲಿಗೆ ಬಂದು ನಿಂತವನು ಟೋಬಿ ಪ್ರೈಸ್. ಗಂಟೆಗಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ. ಸ್ಲೊವಾಕಿಯಾದ ಶ್ಟೆಫಾನ್ ಸ್ವಿಟ್ಕೊ ಕೂಡ ನಿಂತ.

ನನ್ನ ಕೂಗು ನನಗೇ ಮತ್ತೆ ಕೇಳಿಸಿತು. ಪ್ರೈಸ್ ನಿಂತ. ಪ್ರೈಸ್ ನಿಂತ್‌ಬಿಟ್ಟ. ನಾವು ನಗುತ್ತಿದ್ದ ಹೊತ್ತಿಗೆ ಅವನು ಮರಳಿನ ಮೇಲೆ ಮಂಡಿಯೂರಿದ್ದ. ನನ್ನ ಪಟ್ಟಿ ಸುಳ್ಳು ಹೇಳಿರಲಿಲ್ಲ. ನಿಂತಿದ್ದಾನೆ ಅಂತಷ್ಟೇ ಹೇಳಿತ್ತು. ಉಳಿದದ್ದನ್ನೆಲ್ಲ ತುಂಬಿದವನು ನಾನು.

ಫೋನಿನಲ್ಲಿ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಗೆಳೆಯ, "ಪ್ರೈಸ್‌ಗೆ ಟೈಮ್ ವಾಪಸ್ ಕೊಡ್ತಾರಂತೆ" ಅಂದ. "ಹೂಂ" ಅಂದೆ. ಬೇರೆ ಏನು ಹೇಳಬಹುದಿತ್ತು? ಮರುದಿನದ ಸ್ಟೇಜನ್ನು ಬೈಕುಗಳಿಗೆ ರದ್ದು ಮಾಡಿದರು. ಹೀರೋ ತಂಡ ರ‍್ಯಾಲಿಯಿಂದ ಹಿಂದೆ ಸರಿಯಿತು, ಅದರಲ್ಲಿದ್ದ ಸಂತೋಷ್ ಕೂಡ. ಅದೇ ತಂಡದ ಜೊಆಕಿಂ ರೋಡ್ರಿಗ್ಸ್ ಗೊನ್ಸಾಲ್ವೆಸ್‌ಗೆ ಮದುವೆಯಿಂದಾದ ನೆಂಟ ಅಂತ ನನಗೆ ಗೊತ್ತಾದದ್ದು ಆಮೇಲೆ. ಬ್ರಾಬೆಕ್ ಗೆದ್ದ. ನಾವು ಬಯಸಿದ್ದೇ ಆಯಿತು. ಆ ಸಂಜೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ಗೀಟು ಹಾಕಿಟ್ಟ ಪುಟ

ಆ ವರ್ಷದ ನೋಟ್‌ಬುಕ್ಕನ್ನು ನಾನು ನೋಡಿದ್ದು ಬಹಳ ತಡವಾಗಿ. ಏಳನೇ ಸ್ಟೇಜಿನ ಪುಟದಲ್ಲಿ ಪ್ರೈಸ್‌ನ ಎದುರು ಕೆಂಪು ಪೆನ್ನಿನಲ್ಲಿ ತಿದ್ದಿದ ಸಮಯವಿದೆ. ಗೊನ್ಸಾಲ್ವೆಸ್‌ನ ಎದುರು ಎರಡು ಮೂರು ವೇಪಾಯಿಂಟ್ ಸಮಯ, ಆಮೇಲೆ ಖಾಲಿ. ಅದಕ್ಕೆ ಗೀಟಿಲ್ಲ, ಟಿಪ್ಪಣಿಯಿಲ್ಲ. ಬೈಕ್ ಕೆಟ್ಟು ನಿಂತವರಿಗೆ ಅವನು ಸಾಮಾನ್ಯವಾಗಿ ಅಡ್ಡಗೆರೆ ಎಳೆಯುತ್ತಾನೆ. ಇಲ್ಲಿ ಎಳೆದಿಲ್ಲ.

2021ರ ಜನವರಿ 6ರಂದು ನಾಲ್ಕನೇ ಸ್ಟೇಜಿನಲ್ಲಿ ಸಂತೋಷ್‌ನ ಸಾಲು ನಿಂತಿತು. ಆಗ ನಾವು ಫೋನಿನಲ್ಲಿ ಒಂದು ಮಾತೂ ಆಡಲಿಲ್ಲ. ಬಿದ್ದು ತಲೆಗೆ ಪೆಟ್ಟಾಗಿತ್ತು, ಹೆಲಿಕಾಪ್ಟರಿನಲ್ಲಿ ರಿಯಾದ್‌ಗೆ ಒಯ್ದು ಔಷಧಿ ಕೊಟ್ಟು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿಟ್ಟಿದ್ದರು. ಮೇಷ್ಟ್ರು ದಿನಕ್ಕೆ ಎರಡು ಸಲ ಫೋನ್ ಮಾಡಿ "ಕಣ್ಣು ಬಿಟ್ರಾ?" ಅಂತ ಕೇಳುತ್ತಿದ್ದರು, ಮನೆಯವರನ್ನು ಕೇಳುವ ಹಾಗೆ. ಕಣ್ಣು ಬಿಟ್ಟರು, ಊರಿಗೆ ಬಂದರು. ಮರುವರ್ಷ ಮೂರನೇ ಸ್ಟೇಜನ್ನು ರೋಡ್ರಿಗ್ಸ್ ಗೆದ್ದ, ಹೀರೋ ತಂಡಕ್ಕೆ ಡಕಾರ್‌ನಲ್ಲಿ ಮೊದಲ ಸ್ಟೇಜ್ ಗೆಲುವು ಅದು. ಆ ದಿನ ಗೆಳೆಯ ಹಳೆಯ ನೋಟ್‌ಬುಕ್ ತೆಗೆದು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದ, ಬರೆಯಲು ಹೊರಟವನ ಹಾಗೆ ಪೆನ್ನಿನ ಕ್ಯಾಪ್ ತೆಗೆದ, ಮತ್ತೆ ಹಾಕಿದ.

ಈಗಲೂ ಜನವರಿ ಬಂದರೆ ಪಟ್ಟಿ ನೋಡುತ್ತೇವೆ. ಚಟ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಕಳೆದ ಸಲ ಒಂದು ಸ್ಟೇಜಿನ ನಡುವೆ ಯಾರದೋ ಸಾಲು ನಿಂತಿತು, ನಮಗೆ ಹೆಚ್ಚು ಪರಿಚಯವಿಲ್ಲದ ಸವಾರ, ಎಪ್ಪತ್ತನೆಯವನೋ ಎಂಬತ್ತನೆಯವನೋ. ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ಅಂದ, "ಪೆಟ್ರೋಲ್ ಹಾಕಿಸೋ ಜಾಗ ಇರ್ಬೇಕು. ಹದಿನೈದು ನಿಮಿಷ ನಿಲ್ಲಲೇಬೇಕಲ್ಲ. ನೋಡೋಣ." ನೋಡಿದೆವು. ಮುಂದೆ ಯಾರು ಗೆಲ್ಲುತ್ತಿದ್ದಾರೆ ಅನ್ನುವ ಪುಟ ಇನ್ನೊಂದು ಕಡೆ ತೆರೆದೇ ಇತ್ತು, ಅದರ ಕಡೆ ಇಬ್ಬರೂ ತಿರುಗಲಿಲ್ಲ. ಹದಿನಾರನೇ ನಿಮಿಷಕ್ಕೂ ಸಾಲು ಅಲ್ಲೇ ಇತ್ತು, ಇಪ್ಪತ್ತಕ್ಕೂ. ಇಪ್ಪತ್ತಮೂರಕ್ಕೆ ಮುಂದಿನ ಸಮಯ ಮೂಡಿತು. ಗೆಳೆಯ ಹೆಸರಿನ ಕಾಗುಣಿತ ಇನ್ನೊಮ್ಮೆ ನೋಡಿಕೊಂಡು, ಅದನ್ನು ಬರೆದುಕೊಂಡ.